ಕೊನೆಗೆ ಪೆಟ್ಟಿಗೆ ಮುಚ್ಚಿದವನು

ಕಡತವನ್ನು ತೆಗೆದವಳು ನಾನು. ಮಾದೇವ ಅಲ್ಲ, ಅವನ ತಮ್ಮನೂ ಅಲ್ಲ. ಏಳು ವರ್ಷಗಳ ಹಿಂದೆ, ದೊಡ್ಮನೆ ಕಡೆಯ ಒಂದು ಮನೆಯ ಜಗಲಿಯಿಂದ, ಹಾಡಹಗಲು, ನನ್ನ ಲ್ಯಾಪ್‌ಟಾಪ್ ಚೀಲದೊಳಗೆ ಇಟ್ಟುಕೊಂಡು, ಆ ಮನೆಯವರು ಕೊಟ್ಟ ಮುರುಗಲು ಪಾನಕ ಕುಡಿದು, ಬರುತ್ತೇನೆ ಎಂದು ಹೇಳಿ ಹೊರಟು ಬಂದೆ. ಕದಿಯಬೇಕೆಂದು ತೆಗೆದದ್ದಲ್ಲ — ಈ ವಾಕ್ಯ ಬರೆದ ಕೂಡಲೇ ನನಗೆ ಅದರ ಮೇಲೆ ಅನುಮಾನ. ಮನೆಯವರಿಗೆ ಹೇಳದೆ ತೆಗೆದುಕೊಂಡು ಹೋಗುವುದಕ್ಕೆ ಬೇರೆ ಹೆಸರು ಯಾವುದಿದೆ?

ಇದನ್ನು ಓದುತ್ತಿರುವವರಲ್ಲಿ ಕೆಲವರು ನನಗೆ ನಿಮ್ಮ ಮನೆಯ ಹಳೆಯ ಪೆಟ್ಟಿಗೆ ತೆರೆದು ತೋರಿಸಿದವರು. ಅಜ್ಜನ ಕಾಗದ, ಅಜ್ಜಿಯ ಫೋಟೋ, ಯಾರಿಗೂ ತೋರಿಸದ ಪತ್ರ — ಎಲ್ಲವನ್ನೂ ನನ್ನೆದುರು ಹರಡಿ, ಅದರ ಪಕ್ಕದಲ್ಲಿ ನನ್ನೊಬ್ಬಳನ್ನೇ ಬಿಟ್ಟು ಚಾ ಮಾಡಲು ಒಳಗೆ ಹೋದವರು. ಆದ್ದರಿಂದ ನಿಮಗೆ ಹೇಳಬೇಕು. ಹೇಳಬೇಕಾದವರಿಗೆ ಮೊದಲು ಹೇಳಿ ಆಯಿತು.

ನನ್ನ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಹೆಸರಿಲ್ಲ. ಕಾಲೇಜೊಂದರಲ್ಲಿ ವರ್ಷಗಟ್ಟಲೆ ಇತಿಹಾಸ ಕಲಿಸಿದೆ. ಕೆಲಸ ಕಾಯಂ ಆಗಲಿಲ್ಲ. ಬಿಟ್ಟು ಹೊರಗೆ ಬಂದು, ಶಿರಸಿ ಪೇಟೆಯಲ್ಲಿ ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು, 'ಇತಿಹಾಸ ಸಲಹೆಗಾರರು' ಎಂದು ಬೋರ್ಡು ಹಾಕಿದೆ. ಮೊದಲ ತಿಂಗಳು ಬಂದ ಇಬ್ಬರಲ್ಲಿ ಒಬ್ಬರು ಜಾತಕ ತಂದಿದ್ದರು, ಇನ್ನೊಬ್ಬರು ಜಮೀನಿನ ನಕಾಶೆ. ನಿಧಾನಕ್ಕೆ ಜನರಿಗೆ ಗೊತ್ತಾಯಿತು. ಶಾಲೆಗೆ ನೂರು ವರ್ಷ ತುಂಬಿದರೆ ಪುಸ್ತಕ ಬರೆದುಕೊಡುತ್ತೇನೆ. ಮನೆತನದ ಇತಿಹಾಸ ಬೇಕೆಂದರೆ ಕಾಗದ ಪತ್ರ ಹುಡುಕಿ, ಹಿರಿಯರ ಮಾತು ರೆಕಾರ್ಡ್ ಮಾಡಿ ಜೋಡಿಸಿಕೊಡುತ್ತೇನೆ. ಗುಡ್ನಾಪುರದ ಕೆರೆಯಂಥ ಜಾಗ ನೋಡಲು ಬರುವವರಿಗೆ ಓದಲು ನಾಲ್ಕು ಸಾಲು ಬರೆದುಕೊಡುತ್ತೇನೆ. ಯಾವ ಸಂಸ್ಥೆಯೂ ನನ್ನ ಹಿಂದೆ ಇಲ್ಲ. ಇರುವುದು ಒಂದೇ — ಜನ ನನ್ನನ್ನು ಮನೆಯೊಳಗೆ ಬಿಡುತ್ತಾರೆ ಎನ್ನುವುದು.

ಮತ್ತು ಇದು ಸಂಶಯದ ಕೆಲಸ. ಒಂದು ಕಾಗದ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು: ಯಾರು ಬರೆದದ್ದು, ಯಾಕೆ ಬರೆದದ್ದು, ಇಷ್ಟು ದಿನ ಯಾರ ಕೈಯಲ್ಲಿತ್ತು? ಯಾರನ್ನೂ ಪೂರ್ತಿ ನಂಬಬಾರದು. ನಾನು ಇಪ್ಪತ್ತು ವರ್ಷ ಹೀಗೆಯೇ ಬದುಕಿದ್ದೇನೆ. ಮದುವೆಯ ಕರೆಯೋಲೆ ಬಂದರೂ ಕೆಳಗೆ ಯಾರ ಹೆಸರು ಬಿಟ್ಟಿದ್ದಾರೆ ಎಂದು ನೋಡುವಷ್ಟು. ಒಬ್ಬಳನ್ನು ಮಾತ್ರ, ನನ್ನನ್ನೇ, ನಾನು ಆ ಪ್ರಶ್ನೆಗಳಿಂದ ಹೊರಗಿಟ್ಟಿದ್ದೆ.

ಮಾದೇವ ನನ್ನ ಜೊತೆ ಕೆಲಸ ಮಾಡಿದ್ದು ನಾಲ್ಕು ವರ್ಷ. ನಿಲ್ಕುಂದದ ಹತ್ತಿರ ಅವನ ಮನೆ. ಗದ್ದೆ ಇದೆ, ನಡುವೆ ವೈರಿಂಗ್ ಕೆಲಸಕ್ಕೂ ಹೋಗುತ್ತಿದ್ದ. ಕಾಲೇಜಿನ ಒಂದು ಕೋಣೆಗೆ ವೈರಿಂಗ್ ಮಾಡಲು ಬಂದವನು ನಾನು ಮೇಜಿನ ಮೇಲೆ ಹರಡಿದ್ದ ಹಳೆಯ ಕಾಗದವನ್ನು ತಲೆಕೆಳಗಿನಿಂದಲೇ ಓದಿಬಿಟ್ಟಿದ್ದ. ಅವನ ಕಣ್ಣಿಗೆ ಹಳೆಯ ಕೈಬರಹ ಅಷ್ಟು ಸಲೀಸು. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು, ಮಾತು ಕಡಿಮೆ. ಕಾಗದದ ಮೇಲೆ ನೆರಳು ಬೀಳದ ಹಾಗೆ ಫೋಟೋ ತೆಗೆಯುವುದನ್ನು ತಾನೇ ಕಲಿತ. ನನ್ನನ್ನು ಅಕ್ಕೋರೆ ಎನ್ನುತ್ತಿದ್ದ, ಶಾಲೆಯ ಮಾಸ್ತರಿಣಿಯನ್ನು ಕರೆಯುವ ಹಾಗೆ. ಅಡಿಕೆ ತೋಟದ ಹೆಗಡೆಯವರ ಮನೆಗಳಲ್ಲಿ ಅವನನ್ನು ಮೊದಲ ಸಲ ಒಳಗೆ ಕರೆದುಕೊಂಡು ಹೋದದ್ದು ನಾನು. ಎರಡನೆಯ ಸಲ ಅವನೊಬ್ಬನೇ ಹೋದರೂ ಪೆಟ್ಟಿಗೆ ತೆಗೆದುಕೊಡುತ್ತಿದ್ದರು. ಅದು ಸಣ್ಣ ವಿಷಯವಲ್ಲ ಎಂದು ಈ ಊರುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅವನ ಅಜ್ಜ ಅಂಥ ಮನೆಗಳ ಅಂಗಳದಲ್ಲೇ ನಿಂತು ಮಾತಾಡಿ ಹಿಂತಿರುಗಿದವನು.

ನಾನು ಕಡತ ತೆಗೆದ ಆ ಮನೆ ಸುಬ್ರಾಯಣ್ಣನದು. ನನಗೆ ದೂರದ ಸಂಬಂಧ. ನನ್ನನ್ನು ತಂಗಿ ಎನ್ನುತ್ತಾರೆ. ಮನೆತನದ ಇತಿಹಾಸ ಬರೆಯಬೇಕೆಂದು ಅವರೇ ಕರೆಸಿದ್ದರು. ಅವರ ಪೆಟ್ಟಿಗೆಯಲ್ಲಿ ನಾನು ಅದುವರೆಗೆ ಫೋಟೋದಲ್ಲಿ ಮಾತ್ರ ಕಂಡಿದ್ದ ಒಂದು ವಸ್ತುವಿತ್ತು — ನಿಜವಾದ ಕಡತ. ಈಗ ಕಡತ ಎಂದರೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ: ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಆ ಕಪ್ಪು ಮೈಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೆರಳು ತಾಗಿದರೆ ಅಕ್ಷರ ಹೋಗುತ್ತದೆ. ಗೊಬ್ಬರಕ್ಕೆ ಸೊಪ್ಪು ತರುವ ಬೆಟ್ಟದ ಗಡಿ ಎಲ್ಲಿಂದ ಎಲ್ಲಿಗೆ, ಹಳ್ಳದ ನೀರು ಯಾವ ದಿನ ಯಾರ ಪಾಲಿಗೆ — ಅಂಥ ಮಾತುಗಳು ಅದರಲ್ಲಿದ್ದವು. ಗಡಿಯ ಮಾತು ಇದ್ದದ್ದರಿಂದಲೇ ಸುಬ್ರಾಯಣ್ಣನಿಗೆ ಅದರ ಮೇಲೆ ಜೀವ. ಶಿರಸಿಯಲ್ಲಿದ್ದ ಅವರ ದಾಯಾದಿ ಒಬ್ಬರು ಆ ಕಡತಕ್ಕೆ ಕಣ್ಣಿಟ್ಟಿದ್ದಾರೆಂದು ಅವರಿಗೆ ಮೊದಲಿನಿಂದಲೂ ಗುಮಾನಿ.

ಯಾವ ಮನೆಗೆ ಹೋದರೂ ನಾನು ಮೊದಲೇ ಒಂದು ಮಾತು ಬರೆದುಕೊಡುತ್ತೇನೆ: ನಿಮ್ಮ ಯಾವ ವಸ್ತುವೂ ನಿಮ್ಮ ಹೊಸಿಲು ದಾಟುವುದಿಲ್ಲ. ಸುಬ್ರಾಯಣ್ಣನಿಗೂ ಬರೆದುಕೊಟ್ಟಿದ್ದೆ.

ಆ ದಿನ ಮಾದೇವನ ಜೊತೆ ಅವನ ತಮ್ಮ ಗಣಪನೂ ಬಂದಿದ್ದ, ತನ್ನ ಓಮ್ನಿಯಲ್ಲಿ ನಮ್ಮ ಸಾಮಾನು ಹೇರಿಕೊಂಡು. ಅಣ್ಣ ತಮ್ಮ ಸೇರಿ ಮರದ ಪೆಟ್ಟಿಗೆಯನ್ನು ಮೆತ್ತಿನಿಂದ, ಮೇಲಿನ ಅಟ್ಟದಿಂದ, ಕೆಳಗಿಳಿಸಿ ಜಗಲಿಯಲ್ಲಿಟ್ಟರು. ಬೆಳಗಿನಿಂದ ಫೋಟೋ ತೆಗೆದೆವು. ಕಡತದ ಕೊನೆಯ ನಾಲ್ಕು ಮಡಿಕೆಗಳಲ್ಲಿ ಕನ್ನಡ ನಿಂತು, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಶುರುವಾಗಿತ್ತು. ಅದು ನನಗೂ ಬಾರದು, ಮಾದೇವನಿಗೂ ಬಾರದು. ಫೋಟೋದಲ್ಲಿ ಗೆರೆ ಸರಿಯಾಗಿ ಮೂಡುತ್ತಲೂ ಇರಲಿಲ್ಲ. ಮೋಡಿ ಓದಬಲ್ಲ ಮಾಸ್ತರರೊಬ್ಬರು ಯಲ್ಲಾಪುರದಲ್ಲಿದ್ದರು. ಫೋಟೋ ನೋಡಿ ಓದಲಾರೆ, ಮೂಲವನ್ನೇ ತನ್ನಿ ಎಂದು ಹಿಂದೊಮ್ಮೆ ಹೇಳಿದ್ದರು. ಕೇಳಿದರೆ ಸುಬ್ರಾಯಣ್ಣ ಕೊಡುತ್ತಿರಲಿಲ್ಲ. ಕೇಳಲಿಲ್ಲ.

ಊಟದ ಹೊತ್ತು. ಸುಬ್ರಾಯಣ್ಣ ಉಂಡು ಒಳಗೆ ಅಡ್ಡಾದರು. ಮಾದೇವ, ಗಣಪ ಹೊರಗಿನ ಕಟ್ಟೆಯ ಮೇಲೆ ಉಣ್ಣುತ್ತಿದ್ದರು. ನಾನು ಬೇಗ ಕೈ ತೊಳೆದು ಜಗಲಿಗೆ ಬಂದೆ. ಕಡತಕ್ಕೆ ಬಿಳಿ ಬಟ್ಟೆ ಸುತ್ತಿ ಚೀಲಕ್ಕೆ ಹಾಕಿದೆ. ಎರಡು ನಿಮಿಷದ ಕೆಲಸ. ಮಾದೇವ ಬಂದು ಕೇಳಿದ, ಎಲ್ಲ ಒಳಗಿಟ್ಟಿರಾ ಅಂತ. ಇಟ್ಟೆ ಎಂದೆ. ಅವನು ಯಾವಾಗಲೂ ಎಣಿಸಿ ನೋಡುವವನು — ಅವತ್ತು ಎಣಿಸಲಿಲ್ಲ. ನಾನು ಇಟ್ಟೆ ಎಂದಿದ್ದೆನಲ್ಲ. ಮುಚ್ಚಳ ಹಾಕಿ ಕೊಂಡಿ ಸಿಕ್ಕಿಸಿದ. ಇಬ್ಬರೂ ಹೊತ್ತು ಮೇಲಿಟ್ಟರು; ಗಣಪ ಅದನ್ನು ಮೂಲೆಗೆ ಸರಿಸಲು ಸ್ವಲ್ಪ ಹೊತ್ತು ಒಬ್ಬನೇ ಮೇಲೆ ಉಳಿದ. ಆ ಸಂಜೆ ನನ್ನ ರಿಜಿಸ್ಟರಿನಲ್ಲಿ ನಾನೇ ಬರೆದೆ: ಎಲ್ಲ ವಸ್ತು ಪೆಟ್ಟಿಗೆಗೆ ಮರಳಿಸಲಾಗಿದೆ, ಮುಚ್ಚಿದವರು ಮಾದೇವ ನಾಯ್ಕ.

ಮರುದಿನ ಯಲ್ಲಾಪುರಕ್ಕೆ ಹೋಗಿ ಮಾಸ್ತರರಿಗೆ ಕಡತ ಕೊಟ್ಟೆ. ಒಂದು ವಾರ ಬೇಕು ಎಂದರು. ವಾರದೊಳಗೆ ತಂದು, ಇನ್ನೊಂದು ಫೋಟೋ ತೆಗೆಯಬೇಕು ಎಂದು ಪೆಟ್ಟಿಗೆ ತೆರೆಸಿ, ಸುಮ್ಮನೆ ಒಳಗೆ ಸೇರಿಸಿಬಿಡುವುದು — ಅಷ್ಟೇ ನನ್ನ ಯೋಜನೆ.

ಮೂರನೆಯ ದಿನ ಸುಬ್ರಾಯಣ್ಣನ ಫೋನು ಬಂತು. ಯಾರೋ ನೆಂಟರಿಗೆ ತೋರಿಸಲು ಪೆಟ್ಟಿಗೆ ತೆಗೆದಿದ್ದರು.

"ತಂಗೀ, ಪೆಟ್ಟಿಗೇಲಿ ಕಡತ ಕಾಣ್ತಿಲ್ಲೆ. ನಿಂಗೆಂತಾರೂ ಗೊತ್ತಿದ್ದ?"

ನನಗೆ ಗೊತ್ತಿತ್ತು. ಯಲ್ಲಾಪುರದಲ್ಲಿ ಯಾವ ಕಪಾಟಿನ ಯಾವ ಅರೆಯಲ್ಲಿ ಇದೆ ಎಂಬುದೂ ಗೊತ್ತಿತ್ತು. ತಪ್ಪಾಯಿತು, ನಾನು ಒಯ್ದಿದ್ದೇನೆ, ನಾಳೆ ತರುತ್ತೇನೆ — ಇಷ್ಟು ಹೇಳಿದ್ದರೆ ಅವರು ಬೈಯುತ್ತಿದ್ದರು, ಪುಸ್ತಕದ ಕೆಲಸ ನಿಲ್ಲಿಸುತ್ತಿದ್ದರು, ನಾಲ್ಕು ಮನೆಗೆ ಸುದ್ದಿ ಹೋಗುತ್ತಿತ್ತು. ಎರಡು ವಾರ ಬಿಟ್ಟು ಸಿದ್ದಾಪುರದಲ್ಲಿ ಆರೇಳು ಮನೆಯವರು ಸೇರಿ ತಮ್ಮ ಕಾಗದಪತ್ರಗಳನ್ನೆಲ್ಲ ನನ್ನ ಕೈಗೆ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಅದೆಲ್ಲ ಆ ಒಂದು ಕ್ಷಣದಲ್ಲಿ ತಲೆಯೊಳಗೆ ಹಾದು ಹೋಯಿತು. ಎಲ್ಲ ಕಡೆ ಹುಡುಕಿದಿರಾ ಎಂದು ಕೇಳಿದೆ — ನನ್ನ ದನಿ ಎಷ್ಟು ಸಹಜವಾಗಿತ್ತೆಂದರೆ... ಹುಡುಕಿ ಆಯಿತು ಎಂದರು. ಇದು ಶಿರಸಿಯ ದಾಯಾದಿಯದೇ ಕೆಲಸ ಇರಬೇಕು, ಹೋಗಿ ಕೇಳಿಯೇಬಿಡುತ್ತೇನೆ ಎಂದರು. ಅವರು ಹೋಗಿ ಕೇಳಿದರೆ ಜಗಳವಾಗುತ್ತಿತ್ತು, ಜಗಳವಾದರೆ ಯಾರು ಬಂದರು, ಯಾರು ಹೋದರು ಎಂಬ ವಿಚಾರಣೆ ಆಗುತ್ತಿತ್ತು. ಆಗ ನಾನು ಆ ಮಾತು ಹೇಳಿದೆ.

"ಕಡಿಗೆ ಪೆಟ್ಟಿಗೆ ಮುಚ್ಚಿದ್ದು ಮಾದೇವ, ಸುಬ್ರಾಯಣ್ಣ."

ಅಷ್ಟೇ. ಮಾದೇವ ಕದ್ದ ಎಂದು ಹೇಳಲಿಲ್ಲ. ಆ ವಾಕ್ಯದಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಯಾವ ನ್ಯಾಯಾಲಯದಲ್ಲೂ ನಿಲ್ಲುವ ವಾಕ್ಯ. ಹಳೆಯ ಕಾಗದಗಳಲ್ಲಿ ವರ್ಷಗಟ್ಟಲೆ ಇಂಥ ವಾಕ್ಯಗಳನ್ನೇ ಹುಡುಕಿ ಹಿಡಿಯುತ್ತಿದ್ದವಳು ನಾನು — ನಿಜವನ್ನೇ ಹೇಳಿ ಸುಳ್ಳನ್ನು ನಾಟುವವು. ಆ ಕಡೆಯಿಂದ ಅವರು, "ಹೌದಾ... ಆತು, ಆನು ವಿಚಾರಸ್ತೆ" ಎಂದು ಫೋನು ಇಟ್ಟರು. ದಾಯಾದಿಯ ಹೆಸರು ಮತ್ತೆ ಬರಲಿಲ್ಲ. ಎಷ್ಟು ಸುಲಭವಾಗಿ ಅವರ ಸಂಶಯ ತಮ್ಮದೇ ಹೆಗಡೆಯವರ ಮನೆಯಿಂದ ನಾಯ್ಕರ ಮನೆಗೆ ದಾಟಿಕೊಂಡಿತು! ಹಾಗೆ ದಾಟುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ತಕ್ಷಣ ಯಲ್ಲಾಪುರಕ್ಕೆ ಓಡಿದೆ. ಮಾಸ್ತರರ ಮನೆಗೆ ಬೀಗ. ಹೆಂಡತಿಗೆ ಆಪರೇಷನ್ ಎಂದು ಹುಬ್ಬಳ್ಳಿಗೆ ಹೋಗಿದ್ದರು, ಬರುವುದು ಹತ್ತು ದಿನ. ಆ ಹತ್ತು ದಿನ ನಾನು ಏನೂ ಮಾಡಲಿಲ್ಲ. ಸುಬ್ರಾಯಣ್ಣ ಮಾದೇವನನ್ನು ಕರೆಸಿ ಕೇಳಿದರು. ಅವನು ತನಗೆ ಗೊತ್ತಿಲ್ಲ ಎಂದ. ತಮ್ಮನ ಗಾಡಿಯಲ್ಲಿ ಏನೇನು ಹೋಯಿತು ಎಂದು ಕೇಳಿದರು. ಮನೆ ಬೇಕಾದರೆ ಬಂದು ನೋಡಿ ಎಂದನಂತೆ. ನೋಡಲು ಯಾರೂ ಹೋಗಲಿಲ್ಲ, ಹೋಗುವುದೂ ಬೇಕಿರಲಿಲ್ಲ. ಸುದ್ದಿ ಸಿದ್ದಾಪುರದ ಪೇಟೆವರೆಗೆ ಅದಾಗಲೇ ಹೋಗಿತ್ತು.

ಮಾಸ್ತರರು ಬಂದ ದಿನವೇ ಕಡತ ತಂದೆ. ಇನ್ನೇನಾದರೂ ಕಾಣೆಯಾಗಿದೆಯೋ ನೋಡುತ್ತೇನೆ ಎಂದು ಸುಬ್ರಾಯಣ್ಣನ ಮನೆಗೆ ಹೋದೆ. ಅವರು ನನ್ನ ಕಾಳಜಿಗೆ ಸಂತೋಷಪಟ್ಟರು. ಒಬ್ಬಳೇ ಮೆತ್ತಿಗೆ ಹತ್ತಿದೆ. ಪೆಟ್ಟಿಗೆಯೊಳಗೆ ಅವರು ಹತ್ತು ಸಲ ನೋಡಿದ್ದರು, ಅಲ್ಲಿಡುವ ಹಾಗಿಲ್ಲ. ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಟ್ಟೆ. ಜಾರಿ ಬಿದ್ದಿತ್ತು ಎಂದುಕೊಳ್ಳಲಿ, ಎಲ್ಲ ಮುಗಿಯಲಿ, ಮಾದೇವನ ಹೆಸರೂ ಚೊಕ್ಕವಾಗಲಿ — ಹಾಗೆ ಅಂದುಕೊಂಡೆ. ಅವರು ಪೆಟ್ಟಿಗೆ ಸರಿಸಿ ಆ ಸಂದಿಯನ್ನೂ ಗುಡಿಸಿ ನೋಡಿದ್ದರು ಎನ್ನುವುದು ನನಗೆ ಗೊತ್ತಿರಲಿಲ್ಲ.

ಇನ್ನು ಹೇಳುವುದು ಇದೆಲ್ಲಕ್ಕಿಂತ ಕಷ್ಟ. ಮೆತ್ತಿನ ಮೂಲೆಯಲ್ಲಿ ನಮ್ಮ ಕ್ಯಾಮೆರಾ ಸ್ಟ್ಯಾಂಡು ಇತ್ತು, ಅವತ್ತು ಪೆಟ್ಟಿಗೆಯ ಜೊತೆ ಮೇಲೆ ಹೋಗಿ ಅಲ್ಲೇ ಮರೆತು ಉಳಿದದ್ದು. ನಾನೇ ಕೆಳಗೆ ತರಬಹುದಿತ್ತು. ತರಲಿಲ್ಲ. ಮನೆಗೆ ಬಂದು ಮಾದೇವನಿಗೆ ಫೋನು ಮಾಡಿದೆ: ಸ್ಟ್ಯಾಂಡು ಅಲ್ಲೇ ಉಳಿದಿದೆ, ಹೋಗಿ ತಂದುಬಿಡು. ಆ ಮನೆಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಆದರೂ ನಾನು ಹೇಳಿದೆ ಎಂದು ಮರುದಿನ ಹೋಗಿ ತಂದ. ಅದರ ಮರುದಿನ ಕಡತ ಸಿಕ್ಕಿತು.

ನಾನು ಯಾಕೆ ಹಾಗೆ ಹೇಳಿದೆ? ಕೈಯಲ್ಲಿ ಚೀಲ ಭಾರವಾಗಿತ್ತೆ? ಮರೆತೆನೆ? ಅಥವಾ ಆ ಮೆತ್ತು ಹತ್ತಿದವಳು ನಾನೊಬ್ಬಳೇ ಆಗಿ ಉಳಿಯಬಾರದು ಎಂದು... ಏಳು ವರ್ಷದಿಂದ ನನ್ನನ್ನು ನಾನು ಕೇಳುತ್ತಿದ್ದೇನೆ. ಬೇರೆ ಯಾರಾದರೂ ಹೀಗೆ ಮಾಡಿದ ದಾಖಲೆ ನನಗೆ ಸಿಕ್ಕಿದ್ದರೆ, ಒಂದು ನಿಮಿಷವೂ ಯೋಚಿಸದೆ ಉತ್ತರ ಬರೆದಿರುತ್ತಿದ್ದೆ.

ಸುಬ್ರಾಯಣ್ಣ ಫೋನಿನಲ್ಲಿ ನಿರಾಳವಾಗಿದ್ದರು. "ಸಿಕ್ತು ತಂಗಿ. ಅಂವ ಹೆದ್ರಿ ತಂದಿಟ್ಟಿಕ್ಕು. ಹೋಗ್ಲಿ ಬಿಡು."

ಹಾಗೆ, ನಾನು ಹಿಂತಿರುಗಿಸಿದ್ದೇ ಅವನ ಮೇಲಿನ ಕೊನೆಯ ಸಾಕ್ಷಿಯಾಯಿತು. ಅದುವರೆಗೆ ಅನುಮಾನವಾಗಿದ್ದದ್ದು ಅಂದಿನಿಂದ ಸಂಗತಿಯಾಯಿತು. ನಾನು ಹ್ಞೂಂ ಎಂದೆ.

ಮಾದೇವ ಒಂದು ಸಲ ನನ್ನ ಕೋಣೆಗೆ ಬಂದ. ಕುರ್ಚಿಯಲ್ಲಿ ಕೂರಲಿಲ್ಲ. ನನ್ನ ಸ್ಟ್ಯಾಂಡು, ಕೇಬಲ್ಲು, ಲೈಟು ಎಲ್ಲ ಒಂದು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟ.

"ಅಕ್ಕೋರೆ, ನಿಮಗೂ ನನ್ನ ಮೇಲೆ ಸಂಶಯ ಇದ್ಯಾ?"

ಇಲ್ಲ ಎಂದೆ. ಅದು ನಿಜ. ಅವನ ಮೇಲೆ ಸಂಶಯಪಡದವಳು ಆ ಸೀಮೆಯಲ್ಲೇ ನಾನೊಬ್ಬಳು.

"ನಿಮಗಿಲ್ದಿದ್ರೆ ಸಾಕು" ಎಂದು ಹೇಳಿ ಮೆಟ್ಟಿಲಿಳಿದು ಹೋದ. ಆಮೇಲೆ ಯಾವ ಮನೆಯವರೂ ಅವನನ್ನು ಪೆಟ್ಟಿಗೆಯ ಹತ್ತಿರ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಸಿದ್ದಾಪುರದ ಮನೆಯವರು ತಮ್ಮ ಕಾಗದಗಳನ್ನು ನನ್ನ ಕೈಗೆ ಕೊಟ್ಟರು. ಸುಬ್ರಾಯಣ್ಣನ ಪುಸ್ತಕ ಅಚ್ಚಾಯಿತು. ಮೋಡಿಯ ನಾಲ್ಕು ಮಡಿಕೆ ಓದಿಸಿದ್ದಕ್ಕೆ ನನಗೆ ಶಾಲು ಹೊದಿಸಿದರು. ಮೂಲ ಒಯ್ಯದೆ ಅದನ್ನು ಓದಿಸಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ನಾನಾಗಿದ್ದರೆ ಕೇಳುತ್ತಿದ್ದೆ.

ಹೀಗೆಯೇ ಮಣ್ಣಾಗಿ ಹೋಗುತ್ತಿತ್ತೋ ಏನೋ. ಮೂರು ತಿಂಗಳ ಹಿಂದೆ ಸಿದ್ದಾಪುರದ ಕಡೆಯಿಂದ ಒಂದು ಫೋನು ಬಂತು. ಊರವರು ಸೇರಿ ಹಳೆಯ ಶಾಲಾ ಕಟ್ಟಡದಲ್ಲಿ ಮನೆಮನೆಯ ಹಳೆಯ ವಸ್ತುಗಳನ್ನು ಕೂಡಿಸಿಟ್ಟಿದ್ದಾರೆ. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಇತಿಹಾಸದಲ್ಲಿ ಎಂ.ಎ. ಮಾಡಿದ ಹುಡುಗಿಯೊಬ್ಬಳು ಅರ್ಜಿ ಹಾಕಿದ್ದಾಳೆ, ಹೆಸರು ವೀಣಾ, ಮಾದೇವನ ಮಗಳು. ಸಮಿತಿಯ ಅಧ್ಯಕ್ಷರು ಬಹಳ ಸಂಕೋಚದಿಂದ ಕೇಳಿದರು:

"ಹುಡುಗಿ ಚುರುಕಿದ್ದಾಳೆ. ಆದ್ರೆ ಅವ್ಳ ಅಪ್ಪನ ವಿಷ್ಯ ನಿಮಗೇ ಗೊತ್ತಿದ್ಯಲ. ಕೀಲಿ ಕೈಗೆ ಕೊಡೂದಾ, ಬ್ಯಾಡ್ದಾ?"

ನಾಳೆ ಹೇಳುತ್ತೇನೆ ಎಂದೆ. ಮಾದೇವನ ವಿಷಯ ನನಗೇ ಗೊತ್ತು — ಆ ಮಾತು ಎಷ್ಟು ಸರಿಯಾಗಿತ್ತು! ಅಂದೇ ಕಾರು ತೆಗೆದು ನಿಲ್ಕುಂದದ ದಾರಿ ಹಿಡಿದೆ.

ಮಾದೇವ ಅಂಗಳದಲ್ಲಿ ಪಂಪಿನ ಮೋಟರು ಬಿಚ್ಚಿಕೊಂಡು ಕುಳಿತಿದ್ದ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದ, ಬನ್ನಿ ಎಂದ. ಅವನ ಹೆಂಡತಿ ಬಾಗಿಲಿಗೆ ಬಂದು ನಕ್ಕಳು, ನೀರು ತರಲು ಒಳಗೆ ಹೋದಳು. ನಾನು ನಿಂತುಕೊಂಡೇ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು ಹೋಗಿ, ಉಳಿದದ್ದು ಎರಡೇ ವಾಕ್ಯ: ಕಡತ ಒಯ್ದವಳು ನಾನು, ತಂದು ಪೆಟ್ಟಿಗೆಯ ಹಿಂದೆ ಇಟ್ಟವಳೂ ನಾನು.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಮೊದಲೇ ಊಹಿಸಿದ್ದೆ ಎನ್ನುತ್ತಾನೆ ಎಂದೂ ಅನುಮಾನವಿತ್ತು. ಎರಡೂ ಅಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ನೆಲದ ಮೇಲಿಟ್ಟು ಕೇಳಿದ:

"ಗಣಪ ಮೆತ್ತಿನ ಮೇಲೆ ಒಬ್ನೇ ಉಳ್ದಿದ್ನಲ, ಆವಾಗ ಪೆಟ್ಟಿಗೇಲಿ ಕಡತ ಇರ್ಲಿಲ್ವಾ?"

ಇರಲಿಲ್ಲ, ಅದಾಗಲೇ ನನ್ನ ಚೀಲದಲ್ಲಿತ್ತು ಎಂದೆ.

ಅವನು ಕುಳಿತುಬಿಟ್ಟ. ಆಮೇಲೆ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯಲು ನನಗೆ ಸಾಧ್ಯವಿಲ್ಲ, ತುಂಡು ತುಂಡಾಗಿತ್ತು. ತಾನು ತೆಗೆಯಲಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಅಕ್ಕೋರು ತೆಗೆಯುವವರಲ್ಲ. ಹಾಗಾದರೆ ಉಳಿದವರು ಯಾರು? ಗಣಪ ಹಿಂದೊಮ್ಮೆ ಮನೆಯ ಹಳೆಯ ತಾಮ್ರದ ಹಂಡೆಯನ್ನು ಹೇಳದೆ ಕೇಳದೆ ಮಾರಿದ್ದನಂತೆ. ಕೂಡಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು. ತಮ್ಮನನ್ನು ಕೇಳಲೂ ಇಲ್ಲ. ಕೇಳಿದರೆ ಹೌದು ಎಂದುಬಿಟ್ಟಾನು ಎಂಬ ಹೆದರಿಕೆ. ಮಾತು ಬಿಟ್ಟ. ಆರು ತಿಂಗಳಲ್ಲಿ ಮನೆ ಎರಡಾಯಿತು. ಗಣಪ ಹೆಂಡತಿಯನ್ನು ಕರೆದುಕೊಂಡು ಯಲ್ಲಾಪುರಕ್ಕೆ ಹೋಗಿ ಟಯರು ಪಂಕ್ಚರಿನ ಅಂಗಡಿ ಇಟ್ಟ. ಅವರ ತಾಯಿ ತೀರಿಕೊಂಡಾಗ ಬಂದು, ಹೊರಗೆ ನಿಂತಿದ್ದು, ಹೊರಗಿನಿಂದಲೇ ಹೋದ.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಅವನು ಒಂದು ಕೆಲಸ ಕಳೆದುಕೊಂಡ ಎಂದಷ್ಟೇ ನಾನು ಏಳು ವರ್ಷ ಪಶ್ಚಾತ್ತಾಪ ಪಟ್ಟಿದ್ದೆ. ಅವನ ನಂಬಿಕೆ ನನ್ನ ಮೇಲೆ ಇಷ್ಟು ಇದ್ದದ್ದಕ್ಕೇ ಅವನ ತಮ್ಮ ಕಳ್ಳನಾದ ಎನ್ನುವುದು —

ಹೆಂಡತಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಂಬಿಗೆಯನ್ನು ಹಾಗೆಯೇ ಒಳಗೆ ಒಯ್ದಳು.

"ಗಾಡಿ ತೆಗೀರಿ ಅಕ್ಕೋರೆ," ಎಂದ ಮಾದೇವ. "ಇದ್ನ ಅವ್ನ ಎದ್ರಿಗೆ ಹೇಳ್ಬೇಕು ನೀವು."

ಯಲ್ಲಾಪುರದವರೆಗೆ ಅವನು ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಕನ್ನಡಿಯಲ್ಲಿ ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಗಣಪ ಲಾರಿಯ ಟಯರೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ಅಣ್ಣನನ್ನು ನೋಡಿ ಎದ್ದು ನಿಂತ, ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಗಡಿಯೊಳಗೆ ಗಿರಾಕಿಯೊಬ್ಬರು ಇದ್ದರು. ಅವರು ಹೋಗಲಿ ಎಂದು ಕಾಯೋಣ ಎನಿಸಿತು — ಮತ್ತೆ ಅದೇ ಬುದ್ಧಿ. ಅವರೆದುರೇ ಹೇಳಿದೆ.

ಗಣಪ ಕೇಳಿಸಿಕೊಂಡ. ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅಣ್ಣನ ಕಡೆಗೆ ತಿರುಗಿದ.

"ನಾನಲ್ಲ ಅಂತ ನನಗೆ ಗೊತ್ತಿತ್ತು. ನೀ ಒಂದ್ಸಲ ಕೇಳ್ಬೇಕಿತ್ತು, ಅಣ್ಣ."

ಮಾದೇವ ತಲೆಯಾಡಿಸಿದ. ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಗಣಪ ಒಂದು ಸ್ಟೂಲು ಎಳೆದು ಅಣ್ಣನ ಮುಂದಿಟ್ಟು, ತಿರುಗಿ ಟಯರಿನ ಹತ್ತಿರ ಹೋಗಿ ಕುಳಿತ. ಮಾದೇವ ನನ್ನತ್ತ ನೋಡದೆ, ನೀವು ಹೋಗಿ, ನಾನು ಬಸ್ಸಿಗೆ ಬರುತ್ತೇನೆ ಎಂದ. ನಾನು ಹೊರಟೆ. ಆ ಅಂಗಡಿಯಲ್ಲಿ ಆಮೇಲೆ ಏನು ಮಾತಾಯಿತು, ಆಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಹಕ್ಕೂ ಇಲ್ಲ.

ಮರುದಿನ ಸುಬ್ರಾಯಣ್ಣನ ಮನೆಗೆ ಹೋದೆ. ಅವರಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಗಟ್ಟಿಯಾಗಿ, ಇಡೀ ಮನೆಗೆ ಕೇಳುವ ಹಾಗೆ. ಅವರು ಹೇಳಿದ್ದು ಇಷ್ಟು:

"ಇದ್ನ ಈಗೆಂತಕ್ಕೆ ಹೇಳದು ತಂಗಿ?"

ನಾನು ಊರಿಗೆಲ್ಲ ಹೇಳಿದರೆ ಅವರೂ ಮಾದೇವನ ಮನೆಗೆ ಹೋಗಿ ತಪ್ಪಾಯಿತು ಎಂದು ಒಂದು ಮಾತು ಹೇಳಬೇಕಾಗುತ್ತದೆ. ಅದು ಅವರಿಗೆ ಬೇಡವಾಗಿತ್ತು. ಯಾರಿಗೂ ಹೇಳಬೇಡ, ನಮ್ಮ ನಮ್ಮಲ್ಲಿರಲಿ ಎಂದು ನನ್ನ ಕೈ ಹಿಡಿದರು. ನಮ್ಮ ನಮ್ಮಲ್ಲಿ — ಆ ಮಾತಿನೊಳಗೆ ನಾನಿದ್ದೇನೆ, ಮಾದೇವನಿಲ್ಲ. ಆ ಒಂದು ಮಾತಿನ ಆಸರೆಯಲ್ಲೇ ನಾನು ಏಳು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು. ಕೈ ಬಿಡಿಸಿಕೊಂಡು ಬಂದೆ. ಅವರು ಮಾದೇವನ ಮನೆಗೆ ಇನ್ನೂ ಹೋಗಿಲ್ಲ ಎಂದು ಕೇಳಿದ್ದೇನೆ.

ಅಧ್ಯಕ್ಷರಿಗೂ ಫೋನು ಮಾಡಿ ಹೇಳಿದೆ. ಅವರು, ಹಾಗಾದರೆ ಹುಡುಗಿಗೆ ಕೀಲಿ ಕೊಡಲು ಅಡ್ಡಿಯಿಲ್ಲವಲ್ಲ ಎಂದರು. ಅವಳಿಗೆ ಎಂದೂ ಅಡ್ಡಿ ಇರಲಿಲ್ಲ ಎಂದೆ. ನನಗೆ ಒಪ್ಪಿಸಿದ್ದ ಎರಡು ಊರಿನ ಕೆಲಸ ಆ ವಾರವೇ ಹಿಂದಕ್ಕೆ ಹೋಯಿತು. ಸರಿಯೇ.

ನಾಲ್ಕು ದಿನ ಬಿಟ್ಟು ವೀಣಾ ನನ್ನ ಕೋಣೆಗೆ ಬಂದಳು. ಅವಳನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಕೂತಳು, ಅಪ್ಪನ ಹಾಗಲ್ಲ. ಆ ಕೆಲಸ ತಾನು ಒಪ್ಪಿಕೊಳ್ಳುತ್ತೇನೋ ಇಲ್ಲವೋ ಇನ್ನೂ ನಿಶ್ಚಯವಿಲ್ಲ, ಅದರ ಸಲುವಾಗಿ ಬಂದದ್ದಲ್ಲ ಎಂದಳು. ಬಾಯಿಮಾತು ಇವತ್ತು ಹೇಳಿ ನಾಳೆ ಇಲ್ಲ ಎನ್ನಬಹುದು, ಬರೆದದ್ದು ಬೇಕು. ಅಪ್ಪನ ಹೆಸರು ಪೂರ್ತಿ ಇರಬೇಕು, ಚಿಕ್ಕಪ್ಪನದೂ ಇರಬೇಕು, ನನ್ನ ಸಹಿ ಇರಬೇಕು. ನನ್ನ ಮಾತನ್ನು ನಂಬದೆ ಇರುವುದರಲ್ಲಿ ಅವಳದು ಪೂರ್ತಿ ಸರಿ. ಒಳ್ಳೆಯ ಇತಿಹಾಸಗಾರ್ತಿ ಆಗುತ್ತಾಳೆ ಎಂದುಕೊಂಡೆ. ಹೇಳಲಿಲ್ಲ, ಹೇಳುವ ಯೋಗ್ಯತೆ ನನಗಿಲ್ಲ.

ಅವಳೆದುರೇ ಬರೆದೆ. ಮಹಾದೇವ ರಾಮ ನಾಯ್ಕ ಮತ್ತು ಗಣಪತಿ ರಾಮ ನಾಯ್ಕ ಎಂಬಿಬ್ಬರ ಮೇಲೆ ಬಂದ ಆರೋಪಕ್ಕೆ ಕಾರಣ ನನ್ನಿಂದಾದ ತಪ್ಪು ತಿಳುವಳಿಕೆ ಎಂದು ಶುರುಮಾಡಿ, ಒಂದು ಪುಟ. ಅವಳು ತೆಗೆದುಕೊಂಡು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳಿಟ್ಟು ಕಾಗದವನ್ನು ನನ್ನ ಮುಂದೆ ತಿರುಗಿಸಿದಳು.

"ಇದು ತಪ್ಪು ತಿಳುವಳಿಕೆ ಅಲ್ಲ, ಮೇಡಂ. ಸುಳ್ಳು."

ಪೆನ್ನು ತೆಗೆದುಕೊಂಡು ಆ ಎರಡು ಶಬ್ದ ಹೊಡೆದುಹಾಕಿದೆ. ಮೇಲೆ 'ಸುಳ್ಳು' ಎಂದು ಬರೆದೆ. ತಿದ್ದಿದ ಕಡೆ ಸಹಿ ಬೇಕು ಎಂದಳು. ಹಾಕಿದೆ. ಶಾಯಿ ಆರುವವರೆಗೆ ಕಾದು, ಮಡಚಿ ತನ್ನ ಬ್ಯಾಗಿನೊಳಗೆ ಇಟ್ಟುಕೊಂಡು, ಅವಳು ಮೆಟ್ಟಿಲಿಳಿದಳು.